ಗಾಡಿ ಮುಟ್ಟಾಂಗಿಲ್ಲ

ಭಾಗವ್ವ ಇಂದೂ ಕಾರಿನ ಕೆಳಗೆ ಕೈ ಹಾಕಿದ್ದಳು.

ಮಹಡಿಯ ಕಿಟಕಿಯಿಂದ ನೋಡಿದ ಚಿದಾನಂದ ಬರಿಗಾಲಲ್ಲೇ ಓಡಿ ಬಂದ. "ಏನ್ ಮಾಡಾಕತ್ತೀಬೇ ಅಲ್ಲಿ?"

"ಬೆಕ್ಕು ಹೊರಗ ತಗ್ಯಾಕತ್ತೇನ್ರಿ, ಸಾವ್ಕಾರ್ರ." ಅವಳ ಕೈಯಲ್ಲಿ ಬೂದು ಮರಿಯಿತ್ತು. ಕಣ್ಣಲ್ಲಿ ಕೆಂಡವಿತ್ತು.

ಇರದೆ ಏನು? ಬನಹಟ್ಟಿಯ ಆ ನೇಕಾರ ಓಣಿಯಲ್ಲಿ ಮನೆಮನೆಗೂ ಬೆಕ್ಕು. ಮಗ್ಗದ ಪಕ್ಕ ಅದಕ್ಕೊಂದು ಬಟ್ಟಲು ಹಾಲಿಡುವುದು ಹಳೇ ರೂಢಿ. ಚಿದಾನಂದ ಸೀರೆ ಮಾರುವವನು, ನೇಯುವವನಲ್ಲ. ಅವನಿಗೆ ಅವು ಬರೀ ಕಾಟ. ಹೊಸ ಕಾರು ತಂದು ತನ್ನ ಗೋದಾಮಿನ ಮುಂದೆ ನಿಲ್ಲಿಸತೊಡಗಿದ್ದೇ ತಡ, ಚಳಿಗೆ ಬೆಕ್ಕುಗಳು ಎಂಜಿನ್ನಿನ ಬಿಸಿ ಹುಡುಕಿ ಒಳಗೆ ಸೇರತೊಡಗಿದವು.

ಎದುರುಮನೆಯ ಭಾಗವ್ವ ಕೈಮುಗಿದು ಹೇಳಿದ್ದಳು: "ಚಾಲೂ ಮಾಡೂ ಮೊದಲ ಬಾನೆಟ್ ಮ್ಯಾಲ ಒಂದೀಟ ಬಡೀರಿ. ಎದ್ದು ಓಡತಾವು."

"ಬೆಕ್ಕಿನ ಸಲುವಾಗಿ ನನ್ನ ಗಾಡಿ ನಾನ ಬಡೀಲೇನು? ಬಣ್ಣಾ ಹೋಗತೈತಿ," ಎಂದು ನಕ್ಕಿದ್ದ ಪುಣ್ಯಾತ್ಮ. ಮರುದಿನವೇ ಕೀಲಿ ತಿರುವಿದ. ಒಳಗೆ ಅವಳ ಬೆಕ್ಕು ಕೆಂಚಿ ಇತ್ತು. ಗಂಡ ಸತ್ತ ಮೇಲೆ ಮಗ್ಗದ ಬಳಿ ಅವಳ ಜೊತೆ ಕೂರುತ್ತಿದ್ದುದು ಅದೊಂದೇ ಜೀವ. ಚಿದಾನಂದ ಮೊದಲು ಎಂಜಿನ್ನಿನ ಬೆಲ್ಟ್ ನೋಡಿದ, ಆಮೇಲೆ ಅವಳನ್ನೇ ಬೈದ.

ಭಾಗವ್ವ ಸತ್ತ ಕೆಂಚಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ನಿಮ್ಮನ್ನ ಸುಮ್ನ ಬಿಡಾಂಗಿಲ್ರಿ. ಆದ್ರ ನಿಮ್ಮ ಗಾಡಿ ಮುಟ್ಟಾಂಗಿಲ್ಲ. ಕೆಂಚಿ ಆಣಿ."

ಇಂಥ ಆಣೆಯನ್ನು ಯಾರು ನಂಬುತ್ತಾರೆ? ಚಿದಾನಂದ ಕಾರಿಗೆ ಕ್ಯಾಮೆರಾ ಹಾಕಿಸಿದ. ದಿನಾ ಬ್ರೇಕು ಒತ್ತಿ ನೋಡಿದ, ಟಯರು ಸವರಿ ನೋಡಿದ. ಲಗ್ನದ ಹಂಗಾಮಿಗೆಂದು ಇದ್ದಬದ್ದದ್ದನ್ನೆಲ್ಲ ಸುರಿದು, ಗರಿಗರಿ ಗಂಜಿ ಹಾಕಿಸಿದ ಸೀರೆಗಳನ್ನು ಗೋದಾಮಿನಲ್ಲಿ ಒಟ್ಟಿದ್ದ. ಅವು ಮಾರಿಹೋದರೆ ಬದುಕಿದ, ಇಲ್ಲದಿದ್ದರೆ ಬೀದಿಗೆ ಬಿದ್ದ. ಆದರೂ ಆ ಬೀಗ ತೆಗೆಯಲು ಪುರುಸೊತ್ತಿಲ್ಲ; ಕಣ್ಣೆಲ್ಲ ಕಾರಿನ ಮೇಲೆ.

ಈಗ ಭಾಗವ್ವ ಮರಿಯ ಬೆನ್ನು ಸವರುತ್ತ ತಣ್ಣಗೆ ಹೇಳಿದಳು: "ಓಣಿ ಮಂದಿನ್ನ ನಾ ಒಪ್ಪಿಸೇನ್ರಿ. ಬೆಕ್ಕೆಲ್ಲಾ ಹಿಡದ ಕೊಡತೇನಿ. ಅನಗವಾಡ್ಯಾಗ ನಮ್ಮ ತಂಗಿ ತ್ವಾಟ ಐತಿ, ಹೊಳಿ ದಂಡಿಗೆ. ಗಾಡ್ಯಾಗ ಒಯ್ದು ಬಿಟ್ಟ ಬರೂಣು. ನಿಮ್ಮ ಬಣ್ಣಾನೂ ಉಳೀತೈತಿ."

ಚಿದಾನಂದನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮುದುಕಿ ಸೋತಳು! ತಾನೇ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಬುಟ್ಟಿಗಳು ಮಿಯಾಂವ್‌ಗುಟ್ಟಿದವು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವಳ ಕೈಗಳನ್ನೇ ಕಾಯ್ದ. ಅವು ಬುಟ್ಟಿ ಬಿಟ್ಟು ಅಲ್ಲಾಡಲಿಲ್ಲ. ಬರುವಾಗ ಬೀಳಗಿಯಲ್ಲಿ ಅವಳಿಗೆ ಚಹಾ ಕೂಡ ಕುಡಿಸಿದ.

ಹಂಗಾಮು ಬಂತು. ಸೀರೆ ಕೊಳ್ಳುವ ರಾಚಪ್ಪ ಜಮಖಂಡಿಯಿಂದ ಬಂದ. ಚಿದಾನಂದ ಬೀಗ ತೆಗೆದು, ಮೇಲಿನ ಸೀರೆಯ ಮಡಿಕೆ ಬಿಚ್ಚಿ ಅಂಗೈ ಮೇಲೆ ಹರವಿದ. ಬೆರಳು ಆಚೆ ಬಂತು. ಎರಡನೆಯದೂ ತೂತು. ಕೆಳಗಿನ ಗಂಟು ಎಳೆದರೆ ಬರೀ ಚಿಂದಿ.

"ಏನ್ರೀ ಇದು, ಗಂಜಿ ವಾಸನಿಗೆ ಇಲಿ ಬರತಾವಂತ ಗೊತ್ತಿಲ್ಲೇನು?" ಎಂದ ರಾಚಪ್ಪ. "ಓಣ್ಯಾಗ ಒಂದರ ಬೆಕ್ಕಿಲ್ಲೇನ್ರಿ?"

ಚಿದಾನಂದ ಬಾಗಿಲಿಗೆ ಬಂದು ನಿಂತ. ಹೊರಗೆ ಕಾರು ಒಂದು ಗೀರೂ ಇಲ್ಲದೆ ಮಿಂಚುತ್ತಿತ್ತು. ಎದುರಿನ ಕಟ್ಟೆಯ ಮೇಲೆ ಭಾಗವ್ವ ಕೂತಿದ್ದಳು.

"ಗಾಡಿಗೇನೂ ಆಗಿಲ್ಲಲ್ರಿ, ಸಾವ್ಕಾರ್ರ?"