ಫುಲ್ ಟೈಟ್

ಗಿರಾಕಿಯ ಕೋಟಿನ ಬೆನ್ನಿಗೆ ಗುಂಡುಸೂಜಿ ಚುಚ್ಚುತ್ತಲೇ ಟೈಲರಮ್ಮ ಗಂಡನಿಗೆ ಫೋನು ಮಾಡಿದಳು. ಹೊಲಿಗೆ ಯಂತ್ರದ ಎಣ್ಣೆ ಮುಗಿದಿತ್ತು, ಬರುವಾಗ ತನ್ನಿ ಎನ್ನಬೇಕಿತ್ತು, ಅಷ್ಟೇ. ಎತ್ತಿದವಳು ಮಾತ್ರ ಅವನು ಕೆಲಸ ಮಾಡುವ ಪ್ರೆಸ್ಸಿನ ಗುಮಾಸ್ತೆ.

“ಅವರು ಫೋನು ಇಲ್ಲೇ ಬಿಟ್ಟಿದಾರೆ ಆಂಟಿ. ಮಾತಾಡೋ ಸ್ಥಿತಿಲಿಲ್ಲ. ಇವತ್ತು ಫುಲ್ ಟೈಟ್.”

ಸೂಜಿ ಕೋಟು ದಾಟಿ ಗಿರಾಕಿಗೇ ಚುಚ್ಚಿತು.

“ಟೈಟಾ? ಬೆಳ್ ಬೆಳಗ್ಗೆನೇ?”

“ಬಂದಾಗಿಂದ್ಲೂ ಹಾಗೇ, ಪಾಪ, ತಲೆನೇ ಎತ್ತಿಲ್ಲ. ಅವರೇನೋ ಬೇಡ ಅಂದ್ರು, ನಮ್ಮ ಮಾಲೀಕರೇ ಬಲವಂತ ಮಾಡಿದ್ರು. ನಾಳೆನೂ ಟೈಟೇ ಅನ್ಸುತ್ತೆ.”

“ಕಂಕುಳಲ್ಲಿ ಸ್ವಲ್ಪ ಟೈಟಾಯ್ತು ಕಣಮ್ಮಾ,” ಎಂದು ಗಿರಾಕಿ ಗೊಣಗಿದ. “ಆ ಮಾತು ಮಾತ್ರ ಎತ್ತಬೇಡಿ!” ಎಂದು ಗದರಿದ ಟೈಲರಮ್ಮ, ಅವನನ್ನು ಸೂಜಿಗಳ ಸಮೇತ ಅಲ್ಲೇ ನಿಲ್ಲಿಸಿ, ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಬೀದಿಗಿಳಿದಳು.

ಗಂಡ ಕುಡಿತ ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಹಿಂದಿನ ಕೆಲಸವನ್ನು ಬಾಟಲಿ ನುಂಗಿ ನೀರು ಕುಡಿದಿತ್ತು. ಈ ಪ್ರೆಸ್ಸಿಗೆ ಮೆಕ್ಯಾನಿಕ್ಕಾಗಿ ಸೇರಿ ಏಳು ತಿಂಗಳು. ಇಲ್ಲಿ ಯಾರಿಗೂ ಅವನ ಹಳೆಯ ಪುರಾಣ ಗೊತ್ತಿರಲಿಲ್ಲ. ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಹಲ್ಲು ಕಡಿಯುತ್ತ ಅವಳು ಮೂರು ಬೀದಿ ದಾಟಿ ಪ್ರೆಸ್ಸಿನೊಳಗೆ ನುಗ್ಗಿದಳು.

ದೊಡ್ಡ ಮುದ್ರಣ ಯಂತ್ರದ ಕೆಳಗಿಂದ ಎರಡು ಕಾಲು ಚಾಚಿಕೊಂಡಿದ್ದವು. ಆ ಕಾಲುಗಳನ್ನು ಅವಳು ಬಸ್ ನಿಲ್ದಾಣದ ಬೆಂಚಿನಡಿ ಒಮ್ಮೆ, ಮೋರಿಯ ಪಕ್ಕ ಎರಡು ಸಲ ಹೀಗೇ ನೋಡಿದ್ದಳು. ಬಗ್ಗಿ ಒಂದನ್ನು ಹಿಡಿದು ಎಳೆದಳು.

“ತಾಳ್ರಯ್ಯ, ಇನ್ನೊಂದು ಸುತ್ತು ಟೈಟಾದ್ರೆ ಮುಗೀತು!” ಎಂದಿತು ಒಳಗಿನ ದನಿ.

“ಇನ್ನೊಂದು ಸುತ್ತು ಬೇರೆ ಬೇಕಾ?”

ಹೆಂಡತಿಯ ದನಿ ಕೇಳಿ ಅವನು ಗಾಬರಿಯಿಂದ ತೆವಳಿ ಹೊರಬಂದ. ಎರಡು ಗಂಟೆ ಮಲಗಿಯೇ ಇದ್ದುದರಿಂದ ಕಾಲು ಜೋಮು ಹಿಡಿದಿತ್ತು. ಎದ್ದವನು ತೂರಾಡಿ ಕಂಬ ಹಿಡಿದುಕೊಂಡ. ಅವಳಿಗೆ ಅಷ್ಟು ಸಾಕಾಯಿತು.

“ಮತ್ತೆ ಶುರು ಹಚ್ಕೊಂಡ್ರಾ? ನನ್ನಾಣೆ, ಮುಟ್ಟಲ್ಲ ಅಂದಿದ್ರಲ್ರೀ!”

ಪ್ರೆಸ್ಸಿನ ಸದ್ದೆಲ್ಲ ನಿಂತಿತು. ಅವನು ಏನೂ ಅರ್ಥವಾಗದೆ ಹತ್ತಿರ ಬಂದ. ಅವಳ ಮೂಗಿಗೆ ಬಡಿದದ್ದು ಶಾಯಿ, ಗ್ರೀಸು, ಬೆವರು. ಇನ್ನೊಮ್ಮೆ ಮೂಸಿದಳು. ಅಷ್ಟೇ.

“ಅಯ್ಯೋ ಆಂಟಿ, ಟೈಟ್ ಅಂದ್ರೆ ಪುರುಸೊತ್ತಿಲ್ಲದಷ್ಟು ಕೆಲಸ ಅಂತ!” ಗುಮಾಸ್ತೆ ಓಡಿಬಂದಳು. “ನೀವೇನಂದ್ಕೊಂಡ್ರಿ?”

ಮಾಲೀಕರೂ ಕನ್ನಡಕ ಹಣೆಗೇರಿಸಿಕೊಂಡು ಬಂದರು. “ಏನಮ್ಮಾ, ಏನು ಶುರು ಹಚ್ಕೊಂಡ್ರು ಇವರು?”

ಗಂಡ ನೆಲ ನೋಡುತ್ತ ನಿಂತಿದ್ದ. ತನ್ನ ಬಾಯಿ ಏನು ಮಾಡಿಬಿಟ್ಟಿತು ಎಂಬುದು ಅವಳಿಗೆ ಆಗ ಹೊಳೆಯಿತು. ಆದರೂ ತಪ್ಪಿ ಕತ್ತರಿಸಿದ ಬಟ್ಟೆಯನ್ನು ನೆರಿಗೆ ಹಿಡಿದು ಮುಚ್ಚುವುದರಲ್ಲಿ ಅವಳದು ಪಳಗಿದ ಕೈ.

“ಸಕ್ಕರೆ!” ಎಂದಳು. “ಸಕ್ಕರೆ ಕಾಯಿಲೆ ಸರ್ ಇವರಿಗೆ. ಒಂದು ಹರಳೂ ಮುಟ್ಟಬಾರದು ಅಂದಿದಾರೆ ಡಾಕ್ಟ್ರು. ಕದ್ದು ತಿಂದ್ರೆ ಮೈಯೆಲ್ಲ ಟೈಟಾಗಿ ಧೊಪ್ಪಂತ ಬಿದ್ಬಿಡ್ತಾರೆ. ಈಕೆ ಟೈಟ್ ಅಂದ್ಳಾ, ನನಗೆ ಜೀವವೇ ಬಾಯಿಗೆ ಬಂತು!”

ಮಾಲೀಕರು ಲೊಚಗುಟ್ಟಿದರು. “ಛೆ, ಮೊದಲೇ ಹೇಳಬಾರ್ದೇನ್ರೀ? ಎಲ್ಲರೂ ಕೇಳಿಸ್ಕೊಳ್ಳಿ, ಇವತ್ತಿಂದ ಇವರ ಟೀಗೆ ಸಕ್ಕರೆ ಬಂದ್!”

ಹೇಳಿದ ಮೇಲೆ ತಡವೇ? ಗುಮಾಸ್ತೆ ಕಾಳಜಿಯಿಂದ ಆಗಲೇ ಒಂದು ಲೋಟ ಸಕ್ಕರೆಯಿಲ್ಲದ ಟೀ ತಂದು ಅವನ ಕೈಗಿತ್ತಳು. ಬಾಟಲಿ ಬಿಟ್ಟ ಮೇಲೆ ಅವನಿಗೆ ಉಳಿದಿದ್ದ ಒಂದೇ ಸುಖವೆಂದರೆ ಟೀ, ಅದೂ ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಸುರಿದದ್ದು. ಅವನು ಒಂದು ಗುಟುಕು ಹೀರಿದ. ಎಲ್ಲರೂ ನೋಡುತ್ತಿದ್ದರು. ಮುಖ ಕಿವುಚದೆ, ಉಸಿರು ಬಿಗಿಹಿಡಿದು, ತಳದವರೆಗೂ ಇಳಿಸಿದ.

ಖಾಲಿ ಲೋಟವನ್ನು ಹೆಂಡತಿಯ ಕೈಗೆ ಕೊಡುತ್ತ, ಅವಳಿಗೆ ಮಾತ್ರ ಕೇಳುವಂತೆ ಅಂದ: “ಬಿಟ್ಟಿದ್ದೂ ನಿನಗೋಸ್ಕರ ಕಣೇ, ಕುಡಿದಿದ್ದೂ ನಿನಗೋಸ್ಕರ.”