ಬಾಡಿದ ದಾಸವಾಳ

ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವವರು ದಯವಿಟ್ಟು ಪೂರ್ತಿ ಓದಿ... ಎರಡೇ ನಿಮಿಷ.

ಗದಗ ಕಡೆಯ ಒಂದು ಹೈಸ್ಕೂಲು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಕಮಲಾಕ್ಷಿ ಮೇಡಂಗೆ ಒಂದೇ ಹೆಮ್ಮೆ...

"ನಮ್ಮ ಹುಡುಗ್ಯಾರ ಟಾಯ್ಲೆಟ್ ನೋಡ್ರಿ, ಕನ್ನಡಿ ಇದ್ದಂಗ ಐತಿ!"

ಬಂದ ಅಧಿಕಾರಿಗಳೆಲ್ಲ ಭೇಷ್ ಎಂದು ಹೋಗಿದ್ದರು.

ಆ ಶಾಲೆಯಲ್ಲಿ ನೀರಿನ ಗಂಟೆಯೂ ಇತ್ತು. ಗಂಟೆ ಹೊಡೆದರೆ ಮಕ್ಕಳೆಲ್ಲ ಬಾಟಲಿ ತೆಗೆದು ನೀರು ಕುಡಿಯಬೇಕು.

ಹತ್ತನೇ ತರಗತಿಯ ದಾಕ್ಷಾಯಿಣಿ ಲೆಕ್ಕದಲ್ಲಿ ಬಲು ಚುರುಕು. ಆದರೆ ಮಧ್ಯಾಹ್ನವಾದರೆ ಸಾಕು... ತಲೆನೋವು ಅಂತ ಡೆಸ್ಕಿಗೆ ತಲೆ ಇಟ್ಟುಬಿಡುತ್ತಿದ್ದಳು.

ಒಂದು ದಿನ ಅವಳ ಅಪ್ಪ ಬಂದರು.

"ಮೇಡಂರೀ, ಟಿ.ಸಿ. ಕೊಟ್ಟುಬಿಡ್ರಿ. ಹೊಟ್ಟಿನೋವು, ಉರಿಮೂತ್ರ ಅಂತ ದವಾಖಾನಿಗೆ ಅಡ್ಡಾಡಿ ಸಾಕಾಗೇತಿ. ಸಾಲಿ ಬ್ಯಾಡ, ಮನ್ಯಾಗ ಇರ್ಲಿ."

ಮೇಡಂ ಟಿ.ಸಿ. ಕೊಡಲಿಲ್ಲ. "ಸ್ವಲ್ಪ ತಡೀರಿ ಅಣ್ಣಾರ, ನಾ ನೋಡ್ತೀನಿ" ಎಂದು ಕಳಿಸಿದರು.

ಉರಿಮೂತ್ರವೆಂದರೆ ಹುಡುಗಿ ನೀರೇ ಕುಡಿಯುತ್ತಿಲ್ಲವೇನೋ ಎಂಬ ಅನುಮಾನ ಬಂದು, ಮರುದಿನ ನೀರಿನ ಗಂಟೆಯ ಹೊತ್ತಿಗೆ ಆ ಕ್ಲಾಸಿನ ಹಿಂಬದಿಗೆ ಹೋಗಿ ನಿಂತರು.

ಬಿರುಬಿಸಿಲಿಗೆ ಶಾಲೆಯ ಗಿಡಗಳೆಲ್ಲ ಒಣಗಿದ್ದವು. ಕಿಟಕಿಯ ಕೆಳಗಿನ ದಾಸವಾಳ ಮಾತ್ರ ಹಸಿರೋ ಹಸಿರು!

ಗಂಟೆ ಹೊಡೆಯಿತು... ಕಿಟಕಿಯಿಂದ ಒಂದು ಕೈ ಹೊರಬಂತು. ಬಾಟಲಿಯ ನೀರೆಲ್ಲ ಗಿಡದ ಬುಡಕ್ಕೆ!

ಮೇಡಂ ಕಿಟಕಿಯೊಳಗೆ ಇಣುಕಿದರು. "ಯಾಕವಾ ದಾಕ್ಷಾಯಿಣಿ, ಕುಡಿಯೋ ನೀರು ಚೆಲ್ತಿ?"

ಹುಡುಗಿ ತಲೆ ತಗ್ಗಿಸಿದಳು.

"ಕುಡಿದ್ರ ಹೋಗಬೇಕಾಗ್ತೈತ್ರಿ ಮೇಡಂ... ಹೋಗಬೇಕಂದ್ರ ಸ್ಟಾಫ್‌ರೂಮಿಗೆ ಬಂದು, ಎಲ್ಲಾ ಸರ್‌ಗಳ ಮುಂದ ಟಾಯ್ಲೆಟ್ ಕೀಲಿ ಕೇಳಬೇಕ್ರಿ. ನಾಚಿಕಿ ಬರ್ತೈತ್ರಿ... ನಾ ಒಬ್ಬಾಕೀನ ಅಲ್ರಿ, ಯಾರೂ ಕೇಳಂಗಿಲ್ರಿ."

ಹೊಲಸಾಗಬಾರದೆಂದು ಆ ಬೀಗ ಹಾಕಿಸಿದ್ದು ಸ್ವತಃ ಮೇಡಂ!

ಹೇಳಿ... ಯಾರೂ ಕಾಲಿಡದ ಟಾಯ್ಲೆಟ್ ಹೊಲಸಾಗುವುದಾದರೂ ಹೇಗೆ ಸ್ವಾಮಿ?

ಮೇಡಂ ಅವಳ ಕೈ ಹಿಡಿದುಕೊಂಡರು. "ತಪ್ಪು ನಂದವಾ... ನಿಂದಲ್ಲ."

ಅಂದು ಸಂಜೆಯೊಳಗೆ ಹೊರಗಿನ ಬೀಗ ಹೋಯಿತು. ಒಳಗೆ ಗಟ್ಟಿ ಚಿಲಕ ಬಂತು.

"ಹೊಲಸಾಗ್ತೈತಲ್ರಿ ಮೇಡಂ?" ಎಂದರು ಒಬ್ಬ ಸರ್.

"ಬಳಸಿದ್ರ ಹೊಲಸಾಗೇ ಆಗ್ತೈತ್ರಿ. ತೊಳಸೂಣು!"

ಅಪ್ಪನಿಗೂ ಮೇಡಂ ತಾವೇ ಫೋನ್ ಮಾಡಿ ಎಲ್ಲ ಹೇಳಿದರು. "ಟಿ.ಸಿ. ಮಾತು ಬಿಡ್ರಿ. ನಿಮ್ಮ ಮಗಳು ಪರೀಕ್ಷಾ ಬರೀತಾಳ, ಪಾಸೂ ಆಗ್ತಾಳ."

ಕೆಲವು ವಾರಗಳ ನಂತರ ಮೇಡಂ ಮತ್ತೆ ಅದೇ ಕಿಟಕಿಯ ಹತ್ತಿರ ಬಂದರು. ದಾಸವಾಳದ ಎಲೆಗಳು ಬಾಡಿ ಜೋತುಬಿದ್ದಿದ್ದವು.

ಬಾಡಿದ ಗಿಡ ನೋಡಿ ಯಾರಾದರೂ ಖುಷಿಯಿಂದ ಅಳುತ್ತಾರಾ? ಮೇಡಂ ಅತ್ತುಬಿಟ್ಟರು...

ಒಳಗೆ ಮಧ್ಯಾಹ್ನದ ಲೆಕ್ಕದ ಪಿರಿಯಡ್. ದಾಕ್ಷಾಯಿಣಿ ಬೋರ್ಡಿನ ಮುಂದೆ ನಿಂತು ಜೋರಾಗಿ ಲೆಕ್ಕ ಬಿಡಿಸುತ್ತಿದ್ದಳು.

ನೀರಿನ ಗಂಟೆ ಹೊಡೆಯಿತು. ಗಟಗಟ ಕುಡಿದು, ಬಾಟಲಿ ಹಿಡಿದು ಹೊರಗೆ ಓಡಿಬಂದಳು.

"ಪಾಪ, ಒಣಗೇತಲ್ರಿ ಮೇಡಂ! ಇನ್ನ ನಾ ಕುಡಿದು ಉಳಿದದ್ದು ಇದಕ್ಕ ಹಾಕ್ತೀನ್ರಿ."

*

ಮಗು ಯಾಕೆ ಕಲಿಯುತ್ತಿಲ್ಲ ಎಂಬುದಕ್ಕೆ ಉತ್ತರ ಎಷ್ಟೋ ಸಲ ಪುಸ್ತಕದ ಹೊರಗಿರುತ್ತದೆ.

ದಿನಾ ಮಾರ್ಕ್ಸ್ ಎಷ್ಟು ಎಂದು ಕೇಳುವ ನಾವು... "ಶಾಲೆಯಲ್ಲಿ ನೀರು ಕುಡಿದೆಯಾ ಮಗಳೇ?" ಎಂದು ಎಂದಾದರೂ ಕೇಳಿದ್ದೇವಾ?