ಅಣ್ಣಿಗೇರಿ ಸ್ಟುಡಿಯೋದ ನಗು

ಈರಬಸಪ್ಪ ಬಾಯಿಗೆ ರುಮಾಲು ಸುತ್ತಿಕೊಂಡು ಶಲವಡಿ ಬಸ್ಸು ಹತ್ತಿದ್ದೇ ತಡ, ಹಲ್ಲು ಅವನ ಹತ್ತಿರವೇ ಇವೆ ಎಂದು ಗುಡದಪ್ಪನಿಗೆ ಖಾತ್ರಿಯಾಯಿತು.

ಗುಡದಪ್ಪನದು ಅಣ್ಣಿಗೇರಿಯಲ್ಲಿ ಹಿಟ್ಟಿನ ಗಿರಣಿ. ಎರಡು ವರ್ಷದ ಹಿಂದೆ ಇಂಜಿನ್ನಿನ ಹ್ಯಾಂಡಲ್ ತಿರುಗಿ ಬಡಿದು, ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಹಾರಿಹೋಗಿದ್ದವು. ನಲವತ್ತರ ಗಂಡಸು, ಒಳ್ಳೆಯ ದುಡಿಮೆ, ಚಟವಿಲ್ಲ. ಆದರೂ ಕನ್ಯೆ ನೋಡಲು ಹೋದ ಎರಡೂ ಮನೆಯವರು ಅವನು ಬಾಯಿ ತೆರೆದ ಕೂಡಲೇ ಮಾತು ಮಳೆ-ಬೆಳೆಯ ಕಡೆಗೆ ತಿರುಗಿಸಿದ್ದರು. ಈ ಸಲವೂ ತಪ್ಪಿದರೆ ಗಿರಣಿಯ ಜೊತೆಗೇ ಸಂಸಾರ ಮಾಡಬೇಕಾದೀತು ಎಂಬ ಹೆದರಿಕೆ ಅವನಿಗೆ.

ಅಷ್ಟರಲ್ಲಿ ಶಲವಡಿಯಿಂದ ಸಣ್ಣವ್ವನ ಫೋಟೋ ಬಂತು. ಹಿಂದೆ ಕೆರೆ, ಹಂಸ ಇದ್ದ ಬಣ್ಣದ ಪರದೆ. ಆ ಸುತ್ತಿನ ಎಲ್ಲರ ಫೋಟೋದಲ್ಲೂ ಅದೇ ಹಂಸ ಇರುತ್ತಿತ್ತು. ಅದನ್ನು ಯಾರು ನೋಡುತ್ತಾರೆ? ಗುಡದಪ್ಪ ನೋಡಿದ್ದು ನಗುವನ್ನು. ಮೂವತ್ತು ದಾಟಿದರೂ ಈ ಹೆಣ್ಣನ್ನು ಯಾರೂ ಒಪ್ಪಿಲ್ಲವೆಂದರೆ ಜನರಿಗೆ ಕಣ್ಣೇ ಇಲ್ಲ ಎಂದುಕೊಂಡ.

ತಾನೂ ಫೋಟೋ ಕಳಿಸಬೇಕಾಯಿತು. ಆ ಹಂಸದ ಪರದೆಯ ಒಡೆಯ ದಾವೂದಸಾಬನ ಸ್ಟುಡಿಯೋದಲ್ಲಿ ಗಿರಾಕಿಗಳಿಗೆಂದೇ ಒಂದು ಕೋಟು, ಒಂದು ನಿಂತುಹೋದ ವಾಚು ಇದ್ದವು. ನಂಬಿಕಸ್ಥರಿಗೆ ಮಾತ್ರ ತೋರಿಸುವ ಇನ್ನೊಂದು ಸಾಮಾನೂ ಇತ್ತು. ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಹಲ್ಲು ಕಟ್ಟುವವನಿಂದ ತಂದ, ನಾಲ್ಕು ಹಲ್ಲಿನ ಒಂದು ಪಟ್ಟಿ! ಬಿಸಿನೀರಿನಲ್ಲಿ ತೊಳೆದು, ಮೇಣ ಹಚ್ಚಿ, ಬಾಯಲ್ಲಿ ಕೂರಿಸಿ, "ಈಗ ನಗ್ರಿ" ಎನ್ನುತ್ತಿದ್ದ.

ಗುಡದಪ್ಪ ಹೊಟ್ಟೆತುಂಬ ನಕ್ಕ. ಬಾಯಿ ತುಂಬಿದ ಸಂತೋಷ ತಡೆಯಲಾರದೆ, ದಾವೂದಸಾಬ ಒಳಗಿನ ಕತ್ತಲೆ ಕೋಣೆಗೆ ಹೋದಾಗ ಜೇಬಿನಿಂದ ಒಂದು ಹುರಿದ ಕಡಲೆ ತೆಗೆದು ಮುಂದಿನ ಹಲ್ಲಿನಿಂದ ಕಡಿದ. ಕಟ್ ಎಂದಿತು. ಕಡಲೆಯಲ್ಲ, ಹಲ್ಲಿನ ಮೂಲೆ. ಪಟ್ಟಿಯನ್ನು ಮೆಲ್ಲಗೆ ಬಟ್ಟಲಿಗೆ ಹಾಕಿ, ಏನೂ ಅರಿಯದವನಂತೆ ಹೊರಬಿದ್ದ.

ಫೋಟೋ ಶಲವಡಿಯವರಿಗೆ ಹಿಡಿಸಿತು. ಸಣ್ಣವ್ವನ ಕಾಕಾ ಹನಮಪ್ಪ ಸೋಮವಾರ ಬರಲು ಹೇಳಿಕಳಿಸಿದ. ಗುಡದಪ್ಪ ಹುಬ್ಬಳ್ಳಿಯ ಹಲ್ಲಿನ ಡಾಕ್ಟರ ಬಳಿಗೆ ಓಡಿದ. ಅಳತೆ ತೆಗೆದು ಹೊಸ ಹಲ್ಲು ಕೂರಿಸಲು ತಿಂಗಳು ಬೇಕು ಎಂದರು. ಅಲ್ಲಿಂದ ಮತ್ತೆ ದಾವೂದಸಾಬನ ಬಾಗಿಲಿಗೇ ಬಂದ.

"ಕೋಟು ಒಯ್ರಿ, ವಾಚ್ ಒಯ್ರಿ. ಹಲ್ಲು ಮಾತ್ರ ಕೇಳಬ್ಯಾಡ್ರಿ," ಎಂದ ದಾವೂದಸಾಬ. "ಸೋಮವಾರ ಅವು ಬ್ಯಾರೆ ಕಡೆ ಹೊಂಟಾವ. ಅವರ ಮನ್ಯಾಗೂ ಅವತ್ತ ಲಗ್ನದ ಮಾತೈತಿ."

"ಯಾರಿಗೆ ಕೊಟ್ಟೀರಿ?"

"ಗಿರಾಕಿ ಹೆಸರು ಹೇಳಿದ್ರ ನನ್ನ ಅಂಗಡಿ ಉಳಿತೈತೇನ್ರಿ?"

ಹೇಳಬೇಕಾದದ್ದೂ ಇರಲಿಲ್ಲ. ಎಲೆ ಅಡಿಕೆ ತಿಂದು ಹಲ್ಲು ಕಳೆದುಕೊಂಡ ವಿಧುರ ಈರಬಸಪ್ಪನೂ ಸಣ್ಣವ್ವನನ್ನು ಕೇಳಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಈಗ ನೋಡಿದರೆ ಸೋಮವಾರವೇ ಶಲವಡಿ ಬಸ್ಸಿನಲ್ಲಿ, ಬಾಯಿ ಮುಚ್ಚಿಕೊಂಡು ಕೂತಿದ್ದಾನೆ!

ಗುಡದಪ್ಪ ಅವನ ಬಾಜೂಕ್ಕೇ ಹೋಗಿ ಕೂತ. "ಏನ್ರಿ ಈರಬಸಪ್ಪ, ಬಾಯಾಗ ಏನ್ ಮುಚ್ಚಿಟ್ಟೀರಿ?"

ಈರಬಸಪ್ಪ "ಹ್ಞೂಂ" ಎಂದ ಅಷ್ಟೇ. ಬಸ್ಸು ಗುಂಡಿಗೆ ಬಿತ್ತು, ರುಮಾಲು ಜಾರಿತು. ಕೆನ್ನೆ ಊದಿ ಬೋಂಡಾ ಆಗಿತ್ತು. ಮುಂದೆ ಒಂದೂ ಹಲ್ಲಿರಲಿಲ್ಲ.

"ದವಡಿ ಹಲ್ಲಿಗೆ ಹುಳ ಹತ್ತೇತ್ರಿ," ಎಂದು ನರಳಿದ. "ಶಲವಡ್ಯಾಗ ಹೊಗಿ ಹಾಕಿ ಹುಳ ತಗಿಯೂ ಮುದುಕಿ ಅದಾಳ. ಲಗ್ನದ ಆಸೆ ಬಿಟ್ಟೇನಿ ಮಾರಾಯರ."

ಗುಡದಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ, ಹಾಗಾದರೆ ಹಲ್ಲು ಎಲ್ಲಿ ಹೋದವು ಎಂದು ಕೇಳಿಕೊಳ್ಳುವುದನ್ನೇ ಮರೆತ.

ಹನಮಪ್ಪನ ಪಡಸಾಲೆಯಲ್ಲಿ ಅವನು ನೆಗಡಿಯ ನೆಪ ಹೇಳಿ ಮೂಗು ಬಾಯಿಗೆ ಟವೆಲ್ಲು ಹಿಡಿದೇ ಕೂತ. ಸಣ್ಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಅವಲಕ್ಕಿ ತಂದಿಟ್ಟಳು. ಹೆಸರು ಕೇಳಿದರೆ ಕಾಕಾನೇ ಉತ್ತರ ಕೊಟ್ಟ. ಎಂಥ ಮರ್ಯಾದೆಯ ಹೆಣ್ಣು ಎಂದು ಗುಡದಪ್ಪ ಕರಗಿಹೋದ.

ಅಡಿಗೆಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಸೀದಿರಬೇಕು. ಘಾಟು ಪಡಸಾಲೆಗೆ ಬಂತು. ಗುಡದಪ್ಪನಿಗೆ ಎಂಥ ಸೀನು ಬಂತೆಂದರೆ ಟವೆಲ್ಲು ಹಾರಿ ಅವಲಕ್ಕಿಯ ಮೇಲೆ ಬಿತ್ತು. ತೆರೆದ ಬಾಯಿಯನ್ನು ಎಲ್ಲರೂ ನೋಡಿದರು.

"ಫೋಟೋದಾಗ ಹಲ್ಲು ಇದ್ದವಲ್ರಿ!" ಹನಮಪ್ಪ ಎದ್ದು ನಿಂತ. "ಸುಳ್ಳು ಫೋಟೋ ಕಳಿಸಿ ಕನ್ಯಾ ಕೇಳೂದು ಯಾವೂರ ರೀತಿರಿ?"

ಗುಡದಪ್ಪನ ಕಣ್ಣಲ್ಲಿ ನೀರು ಬಂತು. ಮೂರನೆಯದೂ ಮುಗಿಯಿತು. ಚಪ್ಪಲಿ ಹುಡುಕತೊಡಗಿದ.

"ಸುಮ್ನಿರ ಕಾಕಾ," ಎಂದಿತು ಸೆರಗಿನ ಹಿಂದಿನ ದನಿ. ನಾಚಿಕೆಗೋ ಏನೋ ಮಾತು ತೊದಲುತ್ತಿತ್ತು. "ಕುಂದರ್ರಿ ನೀವು. ನಾಕ ಹಲ್ಲಿನ ಸಲುವಾಗಿ ಯಾರರ ಎದ್ದು ಹೋಗ್ತಾರೇನು?" ಎನ್ನುತ್ತ, ಅವಲಕ್ಕಿಯಲ್ಲಿ ಬಿದ್ದ ಟವೆಲ್ಲು ಕಂಡು ತಡೆಯಲಾರದೆ ನಕ್ಕುಬಿಟ್ಟಳು. ಸೆರಗು ಜಾರಿತು. ಫೋಟೋದ ಅದೇ ನಗು.

ಗುಡದಪ್ಪ ನೋಡಿದ. ಬಗ್ಗಿ ಇನ್ನೊಮ್ಮೆ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಬಂದು ಆರಾಮಾಗಿ ಕೂತು, ಬಾಯಿಗೆ ಟವೆಲ್ಲು ಹಿಡಿಯದೆಯೇ ಅವಲಕ್ಕಿಗೆ ಕೈ ಹಾಕಿದ.

"ಕನ್ಯಾ ನನಗ ಅಗದಿ ಒಪ್ಪಿಗಿ ಐತ್ರಿ ಕಾಕಾರ. ಲಗ್ನಕ್ಕ ಮೊದಲ ನಾವಿಬ್ರೂ ಜೋಡೀಲೆ ಹುಬ್ಬಳ್ಳಿಗೆ ಹೋಗಿ ಬರ್ತೀವಿ."

"ಯಾಕ, ಸೀರಿ ತರಾಕೇನು?" ಎಂದ ಹನಮಪ್ಪ. ಸಣ್ಣವ್ವ ಗಡಬಡಿಸಿ ಸೆರಗನ್ನು ಬಾಯಿಗೆ ಎಳೆದುಕೊಂಡಳು.

ಅವಳ ಮುಂದಿನ ಹಲ್ಲೊಂದರ ಮೂಲೆ ಮುರಿದಿತ್ತು. ಆ ಕಡಲೆ ಕಡಿದವನು ಗುಡದಪ್ಪನೇ.